ಮೂವತ್ತರಾಚೆ

ಜಿಲಾಂಗಿನ ಈ ಕೋಣೆಯಲ್ಲಿ ಋತುಗಳಿಲ್ಲ.
ಇಪ್ಪತ್ತು ಡಿಗ್ರಿ, ಅರವತ್ತೈದು ತೇವ,
ವರ್ಷವಿಡೀ ಇಷ್ಟೇ.
ಉಣ್ಣೆ ಹವೆಯನ್ನು ಕುಡಿದು ದಪ್ಪವಾಗುತ್ತದೆಂದು
ಅದಕ್ಕೆ ಇಷ್ಟೊಂದು ಮರ್ಯಾದೆ.
ನಮಗೆ ಸ್ವೆಟರು.

ಇಂದಿನ ಮೂಟೆ ಯೂನಿಸ್ ಪ್ರಿಚಾರ್ಡಳದು,
ಕೋಲರೇನ್ ಕಡೆಯವಳು.
ಹಿಡಿಯಷ್ಟು ತೆಗೆದು, ತೊಳೆದು, ಕತ್ತರಿಸಿ
ಎರಡು ಸಾವಿರ ಎಳೆಚೂರುಗಳನ್ನು
ಲೇಸರಿನ ಕಣ್ಣೆದುರು ಹಾಯಿಸಿದೆ.
ಹಾದದ್ದೆಲ್ಲ ಅಂಕಿಯಾಯಿತು,
ಅಂಕಿಯೆಲ್ಲ ಅರ್ಧರ್ಧ ಮೈಕ್ರಾನಿಗೊಂದು ಅಂಕಣ ಕಟ್ಟಿಕೊಂಡು
ಪರದೆಯ ಮೇಲೆ ರಾಶಿ ಬಿತ್ತು:
ನಡುವೆ ನೂರರ ಕಂಬ,
ಎಡಕ್ಕೂ ಬಲಕ್ಕೂ ಇಳಿಜಾರು.

ವರದಿಗೆ ಅದರ ಮೇಲೆ ಗಂಟೆಯಾಕಾರದ ಗೆರೆಯೊಂದು ಬೇಕು.
ಯಂತ್ರ ಕೊಡುವುದಿಲ್ಲ, ನಾನೇ ಕೋಡು ಬರೆಯಬೇಕು.
ಸರಾಸರಿ ಹತ್ತೊಂಬತ್ತು, ಚದುರುವಿಕೆ ನಾಲ್ಕು,
ಬಣ್ಣ ಕೆಂಪು.
ಓಡಿಸಿದೆ.

ಗಂಟೆ ಇಲ್ಲ.
ತಪ್ಪು ತೋರಿಸಲಿಲ್ಲ, ದೂರಲಿಲ್ಲ, ಎಚ್ಚರಿಸಲೂ ಇಲ್ಲ.
ಬಗ್ಗಿ ನೋಡಿದರೆ ಕಂಬಗಳ ಬುಡದಲ್ಲಿ
ನೆಲಕ್ಕೆ ಮಲಗಿದ ಕೆಂಪು ದಾರ.
ನೂರರೆದುರು ಸೊನ್ನೆ ಪಾಯಿಂಟ್ ಒಂದು
ಹೇಗೆ ತಾನೇ ನಿಂತೀತು?

ಬೆನ್ನ ಹಿಂದೆ ನಿಂತಿದ್ದ ಡೆಸ್ ಟ್ರೆಗೆಂಜಾ ನಕ್ಕ.
ನಲವತ್ತು ವರ್ಷ ಉಣ್ಣೆ ಕತ್ತರಿಸುವ ಕೊಟ್ಟಿಗೆಗಳಲ್ಲಿ
ಬೆರಳಿಂದಲೇ ವಿಂಗಡಿಸಿದವ.
'ನಿನ್ನ ಗಂಟೆಯನ್ನು ಕುರಿ ತುಳಿದುಬಿಟ್ಟಿದೆ' ಅಂದ.

ತುಳಿದದ್ದಲ್ಲ ಡೆಸ್, ಅದರ ಲೆಕ್ಕವೇ ಬೇರೆ.
ಗಂಟೆಯ ಹೊಟ್ಟೆಯೊಳಗೆ ಎಲ್ಲ ಸೇರಿ ಒಂದೇ ಒಂದು;
ಕಂಬಗಳು ತಲೆ ಎಣಿಸುತ್ತವೆ.
ಒಬ್ಬರು ಕೊಳಗದಲ್ಲಿ ಅಳೆದದ್ದನ್ನು
ಇನ್ನೊಬ್ಬರು ಗುಲಗಂಜಿಯಲ್ಲಿ ತೂಗಿದ ಹಾಗೆ.

ಎರಡು ಸಾವಿರದಿಂದ ಗುಣಿಸಿದೆ.
ಎದ್ದಿತು, ಏಳಬೇಕಾದ್ದಕ್ಕಿಂತ ಇಮ್ಮಡಿ,
ಗಾಳಿ ತುಂಬಿದ ಡೇರೆಯಂತೆ, ಯಾರನ್ನೂ ಮುಟ್ಟದೆ.
ಕಂಬದ ಅಗಲ ಮರೆತಿದ್ದೆ.
ಅರ್ಧದಿಂದ ಮತ್ತೊಮ್ಮೆ.
ಆಗ ಕೂತಿತು,
ಕುರಿಯ ಬೆನ್ನ ಮೇಲೆ ಅಂಗೈ ಕೂರುವ ಹಾಗೆ.

ಎಲ್ಲ ಕಡೆ ಅಲ್ಲ.
ಬಲಗಡೆ, ಮೂವತ್ತರಾಚೆ,
ಗಂಟೆ ತನ್ನ ಅಂಚು ಮಡಚಿ ನೆಲ ಸೇರಿದ ಮೇಲೂ
ಮೋಟು ಕಂಬಗಳು ಅಲ್ಲೊಂದು ಇಲ್ಲೊಂದು,
ಕೊಯ್ದ ಹೊಲದ ಕೂಳೆ.
ಗಂಟೆಯ ಪ್ರಕಾರ ಅಲ್ಲಿ ಏಳು ಎಳೆ ಇರಬೇಕು.
ಎಣಿಸಿದೆ. ಅರವತ್ತೊಂದು.

ತೆಗೆದುಬಿಡಬಹುದು, ಒಂದೇ ಸಾಲಿನ ಕೆಲಸ.
ಚಿತ್ರ ಚೆಂದವಾಗುತ್ತದೆ.
ಆದರೆ ಕಂಬಳಿಯ ಮೇಲೆ ಉಣ್ಣಲು ಕೂತು
ಕೂದಲು ಹೆಕ್ಕುವುದು ಎಲ್ಲಿಯವರೆಗೆ?

ಡೆಸ್ ಉಳಿದ ಉಣ್ಣೆಯನ್ನು ಎತ್ತಿ
ಕಾಲರಿನೊಳಗೆ, ಕತ್ತಿನ ಪಕ್ಕ ಒತ್ತಿಕೊಂಡ,
ಕಣ್ಣು ಮುಚ್ಚಿದ.
'ಚುಚ್ಚುತ್ತೆ. ಸ್ವಲ್ಪ. ಮೂರು ಪರ್ಸೆಂಟು.'
ಪರದೆಯ ಕಡೆ ನೋಡಿರಲೇ ಇಲ್ಲ.
'ತೊಡೆಯ ಉಣ್ಣೆ ಬೆರೆತಿದೆ. ಈ ಸಲ ವಿಂಗಡಿಸಲು
ಅವಳ ತಂಗಿ ಬಂದಿಲ್ಲ ಅಂತ ಕಾಣುತ್ತೆ.'

ಅಷ್ಟನ್ನು ಯಾವ ಕಂಬವೂ ನನಗೆ ಹೇಳಿರಲಿಲ್ಲ.

ನಾನು ಹೊದ್ದು ಬೆಳೆದ ಚಳ್ಳಕೆರೆ ಕಂಬಳಿ
ಪೂರ್ತಿ ಮೂವತ್ತರಾಚೆಯದೇ.
ಅದನ್ನು ಹಾಯಿಸಿದರೆ ಈ ಪಟದಲ್ಲಿ
ಅಕ್ಷ ಮುಗಿದ ಮೇಲೆ ಶುರುವಾದೀತು.
ಅದರಡಿ ನಾಲ್ವರು ಮಲಗಿ,
ಚುಚ್ಚಿತೆಂದೇ ಒಬ್ಬರ ಕಡೆ ಒಬ್ಬರು ಸರಿದಿದ್ದೆವು.

ಗೆರೆಯನ್ನು ಹಾಗೇ ಬಿಟ್ಟೆ. ಅರವತ್ತೊಂದನ್ನೂ.
ತಲೆಬರಹ: ಪ್ರಿಚಾರ್ಡ್, ಮೂಟೆ ಹದಿನೇಳು.
ಉಳಿಸಿ, ದೀಪ ಆರಿಸಿ ಹೊರಬಂದರೆ
ಕೊರಿಯೋ ಕೊಲ್ಲಿಯಿಂದ ಜುಲೈ ಗಾಳಿ.
ಸ್ವೆಟರನ್ನು ಕತ್ತಿನವರೆಗೆ ಎಳೆದುಕೊಂಡೆ.
ಎಲ್ಲೋ ಒಂದು ಕಡೆ ಚುಚ್ಚಿತು.
ಎಲ್ಲಿ ಎಂದು ಹುಡುಕಲಿಲ್ಲ.